ಪಟ್ಟದ ಗೊಂಬೆಯ ಕೆಳಗಿನ ಕೋವಿ

ಮದುವೆಯಾಗಿ ಬಿಳೇಕಹಳ್ಳಿಯ ಈ ಮನೆಗೆ ಬಂದಾಗ ನನ್ನ ಜೊತೆ ಬಂದದ್ದು ಎರಡು ಸೂಟ್‌ಕೇಸು ಮತ್ತು ಗೊಂಬೆಗಳ ಒಂದು ಟ್ರಂಕು. ಜಯನಗರದ ನನ್ನ ತವರಿನಲ್ಲಿ ಅಜ್ಜಿಯ ಕಾಲದಿಂದಲೂ ನವರಾತ್ರಿಗೆ ಗೊಂಬೆ ಕೂರಿಸುತ್ತಾರೆ. ಪಟ್ಟದ ಗೊಂಬೆಗಳನ್ನು, ಅಂದರೆ ಮರದ ರಾಜ ರಾಣಿಯನ್ನು, ಅಮ್ಮ ನನಗೇ ಕೊಟ್ಟು ಕಳಿಸಿದ್ದಳು. ಟ್ರಂಕನ್ನು ಅಟ್ಟಕ್ಕೆ ಏರಿಸಲು ಸ್ಟೂಲು ಹತ್ತಿದ ನನ್ನ ಗಂಡ, ಅಲ್ಲಿ ಕೈಯಾಡಿಸಿ, "ಒಂದ್ನಿಮಿಷ ಇರು, ಅಪ್ಪನ ಕೋವಿ ಅಡ್ಡ ಬರ್ತಿದೆ" ಎಂದ. ಛತ್ರಿ ಅಡ್ಡ ಬರ್ತಿದೆ ಎನ್ನುವ ಧಾಟಿಯಲ್ಲೇ ಹೇಳಿದ. ನಾನು ತಮಾಷೆ ಎಂದುಕೊಂಡು ನಕ್ಕೆ. ಅವನು ತಾಮ್ರದ ಹಂಡೆಯ ಹಿಂದಿನಿಂದ, ಅತ್ತೆಯ ಹಳೇ ಸೀರೆಯಲ್ಲಿ ಸುತ್ತಿದ್ದ ಉದ್ದನೆಯದೊಂದನ್ನು ಪಕ್ಕಕ್ಕೆ ಸರಿಸಿದಾಗ ನಗು ನಿಂತಿತು.

ಮಾವನವರ ಅಪ್ಪ ಹಂದಿ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿ ಕೊಂಡ ಒಂಟಿ ನಳಿಗೆಯ ಕೋವಿ ಅದು. ಆಗ ಇಲ್ಲೆಲ್ಲ ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದರಂತೆ. ಬನ್ನೇರುಘಟ್ಟದ ಕಡೆಯಿಂದ ಬಂದ ಹಂದಿಗಳು ಬೆಳಗಾಗುವಷ್ಟರಲ್ಲಿ ಹೊಲವನ್ನು ಉತ್ತುಹಾಕುತ್ತಿದ್ದವಂತೆ. ಲೈಸೆನ್ಸ್ ಆಮೇಲೆ ಮಾವನವರ ಹೆಸರಿಗೆ ಬಂತು. ಅವರು ಒಂದು ಹಂದಿಯನ್ನೂ ಹೊಡೆದವರಲ್ಲ. ಆಕಾಶಕ್ಕೆ ಒಂದು ಈಡು ಹಾರಿಸಿ ಬಂದು ಮಲಗುತ್ತಿದ್ದರು. ಇದನ್ನು ಅವರು ಹೆಮ್ಮೆಯಿಂದ ಹೇಳುತ್ತಾರೋ ನಾಚಿಕೆಯಿಂದಲೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹೊಲವಿದ್ದ ಜಾಗದಲ್ಲಿ ಈಗ ಇರುವುದು ನಾವು ಮತ್ತು ನಮ್ಮಂಥವರು. ಅಣ್ಣತಮ್ಮಂದಿರ ಪಾಲಾದ ಮೇಲೆ ಮಾವನವರಿಗೆ ಉಳಿದ ಸೈಟಿನಲ್ಲಿ ಮೂರಂತಸ್ತು ಎದ್ದಿದೆ. ಕೆಳಗೆ ಟ್ಯೂಷನ್ ಸೆಂಟರ್, ಮೇಲೆ ಬಾಡಿಗೆಯವರು, ನಡುವೆ ನಾವು. ಬೀದಿಯವರೆಲ್ಲ ಮಾವನವರನ್ನು "ಓನರ್ ಅಂಕಲ್" ಎನ್ನುತ್ತಾರೆ. ಓನರ್ ಅಂಕಲ್‌ಗೆ ಇರುವುದು ಎರಡು ರೂಮು, ಒಂದು ಹಾಲು, ಎದುರುಬದುರಾಗಿ ಇಬ್ಬರು ನಿಂತರೆ ಮೂರನೆಯವರು ಹೊರಗೇ ಕಾಯಬೇಕಾದ ಅಡುಗೆಮನೆ. ಬಾಡಿಗೆ ಕೊಡುವ ಜಾಗ ವಿಶಾಲವಾಗಿರಬೇಕು, ಮನೆಯವರು ಹೇಗೋ ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ ಎನ್ನುವುದು ಇಲ್ಲಿಯ ಹಳೇ ಮನೆತನಗಳವರೆಲ್ಲರ ನಂಬಿಕೆ.

ಮೊದಲ ಕೆಲವು ವರ್ಷ ಕೋವಿಯ ತಂಟೆಗೆ ನಾನು ಹೋಗಲಿಲ್ಲ. ಆಯುಧಪೂಜೆಗೆ ಅದು ಅಟ್ಟದಿಂದ ಇಳಿಯುತ್ತಿತ್ತು. ಮಚ್ಚು, ಕುಡುಗೋಲು, ಸ್ಕೂಟರ್ ಕೀ ಇವುಗಳ ಪಕ್ಕದಲ್ಲಿ ವಿಭೂತಿ ಬಳಿಸಿಕೊಂಡು ಒಂದು ದಿನ ಮಲಗಿದ್ದು ಮತ್ತೆ ಮೇಲೇರುತ್ತಿತ್ತು. ಚುನಾವಣೆ ಬಂದರೆ ಪೊಲೀಸ್ ಸ್ಟೇಷನ್ನಿಗೆ ಹೋಗಿ, ಹೆಣ್ಣುಮಗಳು ತವರಿಗೆ ಹೋದ ಹಾಗೆ ಕೆಲವು ವಾರ ಇದ್ದು ಬರುತ್ತಿತ್ತು. ಅದು ಮರಳುವ ತನಕ ಮಾವನವರಿಗೆ ಊಟ ರುಚಿಸುತ್ತಿರಲಿಲ್ಲ. ಟೀವಿಯಲ್ಲಿ ಯಾವ ಪಕ್ಷ ಗೆದ್ದಿತು ಎಂದು ನಾವು ನೋಡುತ್ತಿದ್ದರೆ ಅವರು "ಎಲ್ಲಾ ಮುಗೀತಲ್ಲ, ಈಗ ಕೊಡ್ತಾರಾ?" ಎಂದು ಕೇಳುತ್ತಿದ್ದರು.

ಮಗಳು ಕುರ್ಚಿ ಹಿಡಿದು ನಿಲ್ಲಲು ಕಲಿತ ದಿನ ನನ್ನ ಸಹನೆ ಮುಗಿಯಿತು. ನಾನು ಮೊದಲೇ ಮುಂಗೋಪಿ. ಸಂಜೆ ಕಾಫಿ ಕೊಡುವಾಗ ಪೀಠಿಕೆಯಿಲ್ಲದೆ ಹೇಳಿದೆ: "ಮಾವ, ಇವಳು ಸ್ಟೂಲು ಎಳ್ಯೋದು ಕಲಿಯೋ ಮುಂಚೆ ಅದಕ್ಕೊಂದು ಸರಿಯಾದ ಬೀಗ ಬೀಳ್ಬೇಕು. ಇಲ್ಲಾಂದ್ರೆ ಅದು ಈ ಮನೇಲಿ ಇರೋದು ಬೇಡ."

"ಅಷ್ಟೆತ್ತರದಲ್ಲಿದೆ, ಯಾರಮ್ಮ ಹತ್ತುತ್ತಾರೆ?" ಎಂದರು.

"ನಿಮ್ಮ ಮೊಮ್ಮಗಳು ಹತ್ತುತ್ತಾಳೆ. ಆ ತೋಟಾಗಳು ಎಲ್ಲಿವೆ?"

ತೋಟಾಗಳು ಅದೇ ಸೀರೆಯ ಗಂಟಿನಲ್ಲೇ ಇದ್ದವು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೋವಿ, ತೋಟಾ ಎರಡನ್ನೂ ಒಟ್ಟಿಗೆ ಕಟ್ಟಿಡುವುದೆಂದರೆ ಸೀಮೆಎಣ್ಣೆ ಪಕ್ಕ ಬೆಂಕಿಪೊಟ್ಟಣ ಇಟ್ಟ ಹಾಗಲ್ಲವೇ ಎಂದು ರೇಗಿದೆ. ಮಾರಿಬಿಡಿ, ಇಲ್ಲವೇ ಕೋವಿ ಅಂಗಡಿಯವರ ಹತ್ತಿರ ಇಡಲು ಕೊಡಿ ಎಂದೆ. ಅವರು ಲೋಟ ಕೆಳಗಿಟ್ಟರು.

"ಹೊಲ ಹೋಯ್ತು. ಎತ್ತು ಹೋಯ್ತು. ಬಾವೀನೂ ಮುಚ್ಚಿದ್ರು. ನಮ್ಮಪ್ಪ ಕೈಯಲ್ಲಿ ಹಿಡಿದಿದ್ದು ಅಂತ ಇದೊಂದಿದೆ ಕಣಮ್ಮ. ಬೀಗ ಹಾಕಿಸ್ತೀನಿ. ಕಳಿಸಬೇಡ."

ಹಾಗೆ ಶುರುವಾಯಿತು ಜಾಗದ ಹುಡುಕಾಟ. ಕೋವಿ ಅಂಗಡಿಯಲ್ಲಿ ಗೋಡೆಗೆ ಬೋಲ್ಟ್ ಹಾಕಿ ನಿಲ್ಲಿಸುವ ಸ್ಟೀಲ್ ಕಪಾಟು ತೋರಿಸಿದರು. ಸೊಗಸಾಗಿತ್ತು. ಆದರೆ ನಮ್ಮ ಮನೆಯಲ್ಲಿ ಖಾಲಿ ಗೋಡೆ ಎಲ್ಲಿದೆ? ಹಾಲಿನ ಒಂದು ಗೋಡೆಗೆ ಟೀವಿ ಶೋಕೇಸು, ಒಂದಕ್ಕೆ ಫ್ರಿಡ್ಜು, ಒಂದಕ್ಕೆ ದೇವರ ಗೂಡು, ನಾಲ್ಕನೆಯದರಲ್ಲಿ ಕಿಟಕಿ. ನಮ್ಮ ರೂಮಿನಲ್ಲಿ ಬೀರು ತೆರೆಯಬೇಕಾದರೆ ಮಂಚದ ಮೇಲೆ ಹತ್ತಬೇಕು. ಅತ್ತೆಯ ರೂಮಿನಲ್ಲಿ ಹೊಲಿಗೆ ಮೆಷೀನು, ಅಕ್ಕಿ ಡ್ರಮ್ಮು, ಯಾರೂ ಉಪಯೋಗಿಸದ ಇನ್ನೊಂದು ಮಿಕ್ಸಿ. ಗಂಡ ಟೇಪು ಹಿಡಿದು ಬಚ್ಚಲುಮನೆಯ ಬಾಗಿಲ ಹಿಂದೆಯೂ ಅಳೆದ. ಕೆಳಗಿನ ಟ್ಯೂಷನ್ ಸೆಂಟರಿನಲ್ಲಿ ಒಂದು ಮೂಲೆ ಕೇಳೋಣ ಎಂದದ್ದಕ್ಕೆ, ಮಕ್ಕಳಿಂದ ದೂರ ಇಡಬೇಕೆಂದು ಹೊರಟು ಐವತ್ತು ಮಕ್ಕಳ ನಡುವೆ ಇಡುವ ಜಾಣ ನನ್ನ ಗಂಡನೊಬ್ಬನೇ ಎಂದು ನಾನೂ ಅತ್ತೆಯೂ ಒಟ್ಟಿಗೆ ಅವನನ್ನು ಬೈದೆವು. ಅತ್ತೆ ಸೊಸೆ ಒಂದಾದ ಅಪರೂಪದ ಗಳಿಗೆ ಅದು.

ನಿಲ್ಲಿಸಲು ಜಾಗವಿಲ್ಲದಿದ್ದರೆ ಮಲಗಿಸೋಣ ಎಂದು ಹೊಳೆದದ್ದು ಮಾವನವರಿಗೇ. ಕಿಟಕಿಯ ಕೆಳಗಿದ್ದ ದಿವಾನನ್ನು ಮಾರಿ, ಅದೇ ಅಳತೆಗೆ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ತಗಡಿನ ಪೆಟ್ಟಿಗೆ ಮಾಡಿಸಿದರು. ಮುಚ್ಚಳ ಮೇಲೆತ್ತುವಂಥದ್ದು, ಬೀಗ ಮುಂಭಾಗದಲ್ಲಿ. ಒಳಗಿನಿಂದ ನೆಲಕ್ಕೆ ಬೋಲ್ಟ್ ಬಿಗಿದು, ಮೇಲೊಂದು ಹಾಸಿಗೆ ಹಾಕಿದರೆ ಕೂರುವ ಜಾಗವೂ ಆಯಿತು. ತೋಟಾಗಳಿಗೆ ಬೇರೆಯೇ ಒಂದು ಕಬ್ಬಿಣದ ಡಬ್ಬಿ ಬಂದು ಅದು ಮಾವನವರ ಬೀರುವಿನ ಲಾಕರ್ ಸೇರಿತು. ಮನೆಗೆ ಬಂದವರೆಲ್ಲ ಪೆಟ್ಟಿಗೆಯ ಮೇಲೆ ಕೂತು ಕಾಫಿ ಕುಡಿದರು. "ಈ ಸೀಟು ಸಖತ್ತಾಗಿದೆ, ಎಲ್ಲಿ ಮಾಡಿಸಿದ್ರಿ ಆಂಟಿ?" ಎಂದು ಮೇಲಿನ ಮನೆಯವಳು ಫೋಟೋ ಕೂಡ ತೆಗೆದುಕೊಂಡಳು. ಒಳಗೇನಿದೆ ಎಂದು ನಾವ್ಯಾರೂ ಬಾಯಿ ಬಿಡಲಿಲ್ಲ.

ಕೀಯನ್ನು ಮಾವನವರು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು. ಅವರ ಅಪ್ಪ ಪಂಪ್‌ಹೌಸಿನ ಕೀ ಕಟ್ಟಿಕೊಳ್ಳುತ್ತಿದ್ದುದೂ ಸೊಂಟದ ಆ ಕಪ್ಪು ದಾರಕ್ಕೇ. ಸ್ನಾನದಲ್ಲೂ ನಿದ್ದೆಯಲ್ಲೂ ಅದು ಮೈಬಿಟ್ಟು ಹೋಗುವುದಿಲ್ಲ. ಇದಕ್ಕಿಂತ ಭದ್ರವಾದ ಜಾಗ ನನಗೂ ತೋಚಲಿಲ್ಲ. ಎದೆಯ ಮೇಲಿನ ಭಾರ ಇಳಿದಂತಾಗಿ ಹಾಯಾಗಿದ್ದೆ.

ಆ ವರ್ಷದ ನವರಾತ್ರಿಗೆ ಪೆಟ್ಟಿಗೆಯ ಇನ್ನೊಂದು ಉಪಯೋಗ ಗೊತ್ತಾಯಿತು. ಗೊಂಬೆಯ ಮೆಟ್ಟಿಲು ಎಂದರೆ ಎಲ್ಲ ಮನೆಯಲ್ಲೂ ಅದೇ ತಾನೆ, ಟ್ರಂಕು, ಡಬ್ಬ, ಹಲಗೆ ಜೋಡಿಸಿ ಮೇಲೊಂದು ಬಿಳೀ ಪಂಚೆ ಹೊದಿಸುವುದು. ಅಲ್ಲಾಡದೆ ಗಟ್ಟಿಯಾಗಿ ಕೂತಿದ್ದ ಪೆಟ್ಟಿಗೆ ತಳಪಾಯವಾಯಿತು. ಅದರ ಮುಂದಿನ ಅಂಚಿನಲ್ಲಿ ಸೆಟ್ಟಿ, ಸೆಟ್ಟಿಯ ಹೆಂಡತಿ, ತರಕಾರಿ ಅಂಗಡಿ. ಮೇಲೆ ಟ್ರಂಕು, ಅದರ ಮೇಲೆ ಹಲಗೆ, ತುತ್ತತುದಿಯಲ್ಲಿ ನನ್ನ ತವರಿನ ರಾಜ ರಾಣಿ. ಪಂಚೆ ನೆಲದವರೆಗೂ ಇಳಿಬಿದ್ದು ಬೀಗ ಮರೆಯಾಯಿತು. ಆಯುಧಪೂಜೆಗೆ ಬೇಕಾಗುತ್ತದೆಂದು ಮಾವನವರು ಮೊದಲೆರಡು ವರ್ಷ ಗೊಂಬೆ ಕೂರಿಸುವ ಮುಂಚೆಯೇ ಕೋವಿಯನ್ನು ತೆಗೆದು, ಪೂಜೆ ಮಾಡಿ, ಒಳಗಿಟ್ಟು ಬೀಗ ಹಾಕಿದ್ದರು. ಮೂರನೇ ವರ್ಷ ಇಬ್ಬರಿಗೂ ಅದು ಮರೆತುಹೋಯಿತು. ಗೊಂಬೆಯೆಲ್ಲ ಕೂತ ಮೇಲೆ ನೆನಪಾದರೆ ಏನು ಬಂತು?

ಮಗಳಿಗೆ ಆಗ ಮೂರು ತುಂಬಿತ್ತು. ಆಯುಧಪೂಜೆಯ ಹಿಂದಿನ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಕಡಲೆಕಾಳಿನ ಉಸಲಿಗೆ ಒಗ್ಗರಣೆ ಹಾಕುತ್ತಿದ್ದೆ. ಹಾಲಿನಲ್ಲಿ ಸದ್ದೇ ಇಲ್ಲ. ಮೂರು ವರ್ಷದ ಮಗು ಇರುವ ಮನೆಯಲ್ಲಿ ಸದ್ದಿಲ್ಲ ಅಂದರೆ ಏನರ್ಥ ಎಂದು ತಾಯಂದಿರಿಗೆ ಹೇಳಬೇಕಿಲ್ಲ. ಓಡಿ ಬಂದರೆ, ಗೊಂಬೆಗಳ ಪಂಚೆಯ ಕೆಳಗಿನಿಂದ ಎರಡು ಪುಟ್ಟ ಪಾದಗಳು ಕಾಣುತ್ತಿದ್ದವು. ಪಂಚೆ ಎತ್ತಿದೆ. ಅವಳು ಪೆಟ್ಟಿಗೆಯ ಮುಂದೆ ಮಂಡಿಯೂರಿ, ಎರಡೂ ಕೈಯಿಂದ ಮುಚ್ಚಳವನ್ನು ಮೇಲಕ್ಕೆ ನೂಕುತ್ತಿದ್ದಳು. ಬೀಗದಲ್ಲಿ ಕೀ ಇತ್ತು. ಕೀ ತಿರುಗಿತ್ತು.

"ಅಮ್ಮಾ, ರಾಜ ಭಾರ ಇದ್ದಾನೆ. ಇಳಿ ಅಂತ ಹೇಳು" ಎಂದಳು.

ಮೇಲಿದ್ದ ಟ್ರಂಕು, ಹಲಗೆ, ಸೆಟ್ಟಿಯ ಅಂಗಡಿ, ಇಡೀ ಅರಮನೆಯ ತೂಕ ಕೂತಿದ್ದರಿಂದ ಮುಚ್ಚಳ ಕೂದಲೆಳೆಯಷ್ಟೂ ಎದ್ದಿರಲಿಲ್ಲ. ಅವಳನ್ನು ಎಳೆದು ಅಪ್ಪಿಕೊಂಡೆ. ಅವಳ ಬೆರಳೆಲ್ಲ ಕೆಂಪು. ರಕ್ತವೆಂದುಕೊಂಡೆ, ನೋಡಿದರೆ ಕುಂಕುಮ. ಬೀಗದಲ್ಲಿದ್ದ ಕೀಗೂ ಕುಂಕುಮ ಮೆತ್ತಿತ್ತು.

ಆಗ ಅರ್ಥವಾಯಿತು. ಪೆಟ್ಟಿಗೆಗೆ ಎರಡು ಕೀ ಬಂದಿದ್ದವು. ಒಂದು ಮಾವನವರ ಸೊಂಟಕ್ಕೆ ಹೋಯಿತು. ಇನ್ನೊಂದನ್ನು ಅತ್ತೆ, ಮನೆಗೆ ಯಾವ ಹೊಸ ವಸ್ತು ಬಂದರೂ ಮಾಡುವ ಹಾಗೆ, ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಸ್ಕೂಟರ್ ಕೀ, ವಾಷಿಂಗ್ ಮೆಷೀನಿನ ವಾರಂಟಿ ಕಾರ್ಡು, ಹೊಸ ಮನೆಯ ಬೀಗ, ಎಲ್ಲವೂ ಮೊದಲು ಅಲ್ಲಿಗೇ. ದೇವರ ಮುಂದೆ ಇಟ್ಟದ್ದು ಭದ್ರ ಎಂಬ ನಂಬಿಕೆ. ಗೂಡಿನ ಕೆಳಗಿನ ತಟ್ಟೆ ಮೊಮ್ಮಗಳ ಕೈಗೆ ಸರಿಯಾಗಿ ಎಟುಕುತ್ತದೆ ಎನ್ನುವುದು ನಮ್ಮ ಯಾರ ತಲೆಗೂ ಹೋಗಿರಲಿಲ್ಲ. ಎರಡನೇ ಕೀ ಎಲ್ಲಿ ಎಂದು ಮಾವನವರು ಕೇಳಿರಲಿಲ್ಲ, ದಿನಾ ಆ ಗೂಡಿಗೆ ದೀಪ ಹಚ್ಚುತ್ತಿದ್ದ ನಾನೂ ನೋಡಿರಲಿಲ್ಲ.

ನಾನು ಕೂಗಾಡಿದ್ದು ಕೆಳಗಿನ ಟ್ಯೂಷನ್ ಸೆಂಟರಿಗೂ ಕೇಳಿಸಿರಬೇಕು. ಅತ್ತೆ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದರು. ಮಾವನವರು ಬಾಲ್ಕನಿಯಿಂದ ಓಡಿ ಬಂದರು. ಪೆಟ್ಟಿಗೆಯನ್ನೂ ಕೀಯನ್ನೂ ಮಗುವಿನ ಬೆರಳನ್ನೂ ನೋಡಿ, ನೆಲದ ಮೇಲೇ ಕೂತರು. ಒಳಗಿದ್ದ ಕೋವಿ ಖಾಲಿ, ತೋಟಾ ಬೇರೆ ರೂಮಿನ ಬೇರೆ ಬೀಗದಲ್ಲಿದೆ, ಏನೂ ಆಗುತ್ತಿರಲಿಲ್ಲ ಎಂದು ಅವರು ವಾದಿಸಬಹುದಿತ್ತು. ವಾದಿಸಲೆಂದೇ ನಾನು ಕಾದಿದ್ದೆ. ಉತ್ತರವೆಲ್ಲ ನಾಲಿಗೆಯ ತುದಿಯಲ್ಲಿತ್ತು. ಅವರು ಕೀಯನ್ನು ತಿರುಗಿಸಿ ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡರು.

"ನೀನು ಹೇಳಿದ್ದೇ ಸರಿ. ವಿಜಯದಶಮಿ ಆಗ್ಲಿ, ಅಂಗಡಿಗೆ ಕೊಟ್ಟುಬಿಡ್ತೀನಿ" ಎಂದರು. ಅಷ್ಟೇ.

ಮರುದಿನ ಪೂಜೆಗೆ ಎಲ್ಲವನ್ನೂ ಜೋಡಿಸಿದರು. ಮಚ್ಚು, ಕುಡುಗೋಲು, ಸ್ಕೂಟರ್ ಕೀ, ನನ್ನ ಲ್ಯಾಪ್‌ಟಾಪು, ಮಗಳ ಬಣ್ಣದ ಪೆನ್ಸಿಲ್ ಡಬ್ಬಿ. ಕೋವಿಯ ಜಾಗ ಮಾತ್ರ ಖಾಲಿ. ಇನ್ನು ಕಳಿಸುವುದೇ ಆದ ಮೇಲೆ ಕೊನೆಯ ಪೂಜೆಯಾದರೂ ಆಗಲಿ ಎಂದು ನನಗೆ ಅನ್ನಿಸಿತು. "ಗೊಂಬೆ ಇಳಿಸ್ತೀನಿ ಮಾವ, ತೆಗೀರಿ" ಎಂದೆ.

"ಕೂತಿರೋ ಗೊಂಬೇನ ದಶಮಿಗೆ ಮುಂಚೆ ಯಾರಾದ್ರೂ ಎಬ್ಬಿಸ್ತಾರೇನಮ್ಮ? ಅದೂ ನಿನ್ನ ತವರಿಂದು" ಎಂದರು. ಪಂಚೆಯನ್ನು ಒಂದು ಚೂರು ಎತ್ತಿ, ಬೀಗದ ಮೇಲೆ ವಿಭೂತಿ ಎಳೆದು, ಒಂದು ಚೆಂಡುಹೂ ಸಿಕ್ಕಿಸಿ, ಪಂಚೆಯನ್ನು ಮೊದಲಿನಂತೆಯೇ ಬಿಟ್ಟರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಸಿಟ್ಟು ಪೂರ್ತಿ ಹೋಗಿರಲಿಲ್ಲ, ಆದರೂ ಅಳು ಬಂತು.

ದಶಮಿಯ ರಾತ್ರಿ ರಾಜ ರಾಣಿಯನ್ನು ಮಲಗಿಸಿ, ಮರುದಿನ ಗೊಂಬೆಗಳನ್ನು ಹಳೇ ಪಂಚೆಯ ಚೂರುಗಳಲ್ಲಿ ಸುತ್ತಿ ಟ್ರಂಕಿಗಿಟ್ಟೆ. ಮಾವನವರು ಇಸ್ತ್ರಿ ಮಾಡಿದ ಬಿಳೀ ಅಂಗಿ ತೊಟ್ಟು, ಕೋವಿಯನ್ನು ಒರೆಸಿ ಎಣ್ಣೆ ಹಚ್ಚಿ, ಅದರ ಚೀಲಕ್ಕೆ ಹಾಕಿ, ಲೈಸೆನ್ಸನ್ನು ಜೇಬಿಗಿಟ್ಟುಕೊಂಡು ನಿಂತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸಿಕೊಡಲು ಹೊರಟವರ ಮುಖ ಹಾಗಿರುತ್ತದೆ. ಗಂಡ ಆಟೋ ಬುಕ್ ಮಾಡುತ್ತಿದ್ದ.

"ಮಾವ, ಇನ್ನೊಂದು ಬೀಗ ಹಾಕ್ಸೋಣ" ಎಂದೆ.

ಅವರಿಗೆ ಅರ್ಥವಾಗಲಿಲ್ಲ.

"ಒಂದು ನಿಮ್ದು, ಒಂದು ನಂದು. ಇಬ್ರೂ ಇದ್ರೆ ಮಾತ್ರ ತೆಗೆಯೋಕಾಗ್ಬೇಕು. ಎರಡನೇ ಕೀ ಅಂತ ಯಾವುದಕ್ಕೂ ಇರಬಾರದು. ತೋಟಾ ಮಾತ್ರ ಅಂಗಡಿಗೆ ವಾಪಸ್ ಹೋಗ್ಲಿ, ಇಲ್ಲಿ ಈಗ ಯಾವ ಹಂದಿ ಇದೆ?"

ಕನಿಕರದಿಂದ ಹಾಗೆಂದೆ ಎಂದು ಗಂಡ ತಿಳಿದುಕೊಂಡಿದ್ದಾನೆ. ಕನಿಕರವಲ್ಲ. ತನ್ನ ಅಷ್ಟು ಪ್ರೀತಿಯ ವಸ್ತುವನ್ನು ಮಗುವಿನ ಬೆರಳು ನೋಡಿದೊಡನೆ ಬಿಡಲು ಸಿದ್ಧನಾದ ಮನುಷ್ಯನ ಜೊತೆ ಒಂದು ಬೀಗ ಹಂಚಿಕೊಳ್ಳಬಹುದು ಎನ್ನಿಸಿತು.

ತೋಟಾಗಳು ಆವತ್ತೇ ಅಂಗಡಿಗೆ ಹೋದವು. ವೆಲ್ಡಿಂಗ್ ಅಂಗಡಿಯವನು ಬಂದು ಪೆಟ್ಟಿಗೆಗೆ ಇನ್ನೊಂದು ಚಿಲಕ ಕೂರಿಸಿದ. ಎರಡೂ ಬೀಗಗಳ ಹೆಚ್ಚುವರಿ ಕೀಗಳನ್ನು ನಮ್ಮ ಕಣ್ಣೆದುರೇ ಹಲ್ಲು ಉಳಿಯದ ಹಾಗೆ ಉಜ್ಜಿಹಾಕಿದ. ಆ ಬೋಳು ಕೀಗಳನ್ನು ಅತ್ತೆ ದೇವರ ಗೂಡಿನಲ್ಲಿ ಇಟ್ಟುಕೊಳ್ಳಲಿ ಬಿಡಿ ಎಂದು ನಾನೇ ಹೇಳಿದೆ. ಅವು ಈಗಲೂ ಕುಂಕುಮ ಹಚ್ಚಿಸಿಕೊಂಡು ಅಲ್ಲೇ ಇವೆ. ನನ್ನ ಕೀ ಕರಿಮಣಿ ಸರದಲ್ಲಿದೆ, ಸೇಫ್ಟಿ ಪಿನ್ನುಗಳ ಪಕ್ಕ. ಆಫೀಸಿನಲ್ಲಿ ಯಾರೋ ಅದು ಯಾವ ಲಾಕರ್‌ದು ಎಂದು ಕೇಳಿದಾಗ, ಮಾವನವರದು ಎಂದಷ್ಟೇ ಹೇಳಿದೆ. ಭಾರಿ ಆಸ್ತಿವಂತರ ಸೊಸೆ ಎಂದು ಅಲ್ಲಿ ಹೆಸರಾಗಿದೆ.

ಒಂದು ಬದಲಾವಣೆಯನ್ನು ನಾವಿಬ್ಬರೂ ಎಣಿಸಿರಲಿಲ್ಲ. ಕೋವಿಗೆ ಆಗಾಗ ಎಣ್ಣೆ ಹಚ್ಚದಿದ್ದರೆ ತುಕ್ಕು ಹಿಡಿಯುತ್ತದೆ. ಮೊದಲು ಮಾವನವರೊಬ್ಬರೇ ಮಾಡುತ್ತಿದ್ದ ಕೆಲಸಕ್ಕೆ ಈಗ ನಾನೂ ಬೇಕು. ತಿಂಗಳಿಗೊಂದು ಭಾನುವಾರ ಗಂಡನೂ ಅತ್ತೆಯೂ ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತಾರೆ. ಅವರು ಗೇಟು ದಾಟಿದ ಮೇಲೆ ನಾವಿಬ್ಬರೂ ಪೆಟ್ಟಿಗೆಯ ಮುಂದೆ ಕೂರುತ್ತೇವೆ. ಅವರ ಬೀಗ, ನನ್ನ ಬೀಗ. ಕೋವಿಯನ್ನು ಕೀಲಿನ ಹತ್ತಿರ ಬಗ್ಗಿಸಿ ನಳಿಗೆ ತೆರೆದು, ಒಳಗೆ ಏನೂ ಇಲ್ಲವೆಂದು ನೋಡಿ, ಪ್ರತಿಸಲವೂ ನನ್ನ ಕಡೆಗೆ ತಿರುಗಿಸುತ್ತಾರೆ.

"ಖಾಲಿ ಅಂತ ಗೊತ್ತಲ್ಲ ಮಾವ, ತೋಟಾನೇ ಮನೇಲಿಲ್ಲ."

"ನಾನು ನೋಡಿದ್ರೆ ಸಾಲ್ದು, ನೀನೂ ನೋಡು."

ನೋಡುತ್ತೇನೆ. ಆಮೇಲೆ ಅವರು ಬಟ್ಟೆಗೆ ಎಣ್ಣೆ ಹಾಕಿ ಒರೆಸುತ್ತಾ ಮಾತಿಗೆ ಶುರುಮಾಡುತ್ತಾರೆ. ಅಷ್ಟು ವರ್ಷ "ಕಾಫಿ ಆಯ್ತಾ," "ಕರೆಂಟ್ ಹೋಯ್ತಾ" ದಾಟದಿದ್ದ ನಮ್ಮ ಮಾತು ಈಗ ಎಲ್ಲೆಲ್ಲಿಗೋ ಹೋಗುತ್ತದೆ. ಟ್ಯೂಷನ್ ಸೆಂಟರಿನ ಮೆಟ್ಟಿಲಿರುವ ಕಡೆ ಬಾವಿಯಿತ್ತು ಎಂದು ನನಗೆ ಗೊತ್ತಾದದ್ದು ಹಾಗೆ. ಅವರೆಕಾಯಿ ಕಾಲದಲ್ಲಿ ಅವರಪ್ಪ ಹೊಲ ಕಾಯಲು ಅಟ್ಟಣೆಯ ಮೇಲೆ ಕೂತು, ನಿದ್ದೆ ಬಾರದಿರಲಿ ಎಂದು ಇಡೀ ಊರಿನವರ ಹೆಸರನ್ನು ಒಬ್ಬೊಬ್ಬರದಾಗಿ ಜೋರಾಗಿ ಹೇಳಿಕೊಳ್ಳುತ್ತಿದ್ದರಂತೆ. ಅದನ್ನು ಹೇಳುವಾಗ ಅವರು ತಾವೇ ನಕ್ಕರು. ನನಗೆ ಆ ಅರ್ಧ ಗಂಟೆ ಈಚೆಗೆ ಬಹಳ ಇಷ್ಟ. ಭಾನುವಾರ ಮರೆತರೆ ನಾನೇ ನೆನಪಿಸುತ್ತೇನೆ.

ಹೋದ ತಿಂಗಳು ಹಾಗೆಯೇ ಒರೆಸುತ್ತಿದ್ದಾಗ, "ನಂಗೂ ವಯಸ್ಸಾಯ್ತು. ಲೈಸೆನ್ಸು ಮನೆಯವರ ಹೆಸರಿಗೆ ಮಾಡ್ಬಹುದಂತೆ" ಎಂದರು.

"ನಿಮ್ಮ ಮಗ ಅದನ್ನ ಬಚ್ಚಲುಮನೆ ಬಾಗಿಲ ಹಿಂದೆ ಇಡ್ತಾರೆ" ಎಂದೆ.

ಅವರು ನಗಲಿಲ್ಲ. "ಅವನಿಗಲ್ಲ. ಸೊಸೆಗೂ ಕೊಡ್ಬಹುದಂತೆ, ಕೇಳಿದೀನಿ. ಇದನ್ನ ಕಂಡ್ರೆ ಹೆದರಿಕೆ ಇರೋಳು ಈ ಮನೇಲಿ ನೀನೊಬ್ಬಳೇ. ಹೆದರಿಕೆ ಇರೋರ ಹತ್ರಾನೇ ಇದು ಇರ್ಬೇಕು."

ಕೆಳಗೆ ಗೇಟು ಸದ್ದಾಯಿತು. ಪಾರ್ಕಿನಿಂದ ಮಗಳು ಬಂದಳು; ಮೆಟ್ಟಿಲು ಹತ್ತುತ್ತಾ ಜೋರಾಗಿ ಹಾಡುತ್ತಿದ್ದಳು. ಮಾವನವರು ಅವಸರವಿಲ್ಲದೆ ಕೋವಿಯನ್ನು ಮಲಗಿಸಿ ಮುಚ್ಚಳ ಹಾಕಿ ತಮ್ಮ ಬೀಗ ಒತ್ತಿದರು. ನಾನು ನನ್ನದನ್ನು ಒತ್ತಿ, ಎರಡನ್ನೂ ಒಂದೊಂದು ಸಲ ಎಳೆದು ನೋಡಿದೆ.

"ನಂಗೆ ಕೋವಿ ಬೇಡ ಮಾವ" ಎಂದೆ. ಅವರು ತಲೆಯಾಡಿಸಿದರು. ಕೀಯನ್ನು ಕರಿಮಣಿಯ ಜೊತೆ ರವಿಕೆಯೊಳಗೆ ಸೇರಿಸಿಕೊಳ್ಳುತ್ತಾ ಹೇಳಿದೆ: "ಆದ್ರೆ ಬೇರೆ ಯಾರಿಗೂ ಕೊಡ್ಬೇಡಿ."